ಕೋಕೋ ಗೋದಾಮಿನ ಮೇಲೊಂದು ಸಂಗೀತದ ಮನೆ

ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ, ಎಲ್ಬೆ ನದಿಯೊಳಕ್ಕೆ ಚಾಚಿಕೊಂಡ ನೆಲದ ತುದಿಯಲ್ಲಿ, ಕೆಂಪಿಟ್ಟಿಗೆಯ ದೊಡ್ಡದೊಂದು ಗೋದಾಮಿದೆ. ವರ್ನರ್ ಕಾಲ್ಮೋರ್ಗನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1963ರಿಂದ 1966ರ ನಡುವೆ ಅದನ್ನು ಕಟ್ಟಿದರು. ಹಡಗಿನಿಂದ ಇಳಿದ ಕೋಕೋ, ಚಹಾ, ತಂಬಾಕಿನ ಮೂಟೆಗಳು ಅಲ್ಲಿ ದಾಸ್ತಾನಾಗುತ್ತಿದ್ದವು. ಸರಕೆಲ್ಲ ಕಂಟೇನರುಗಳಲ್ಲಿ ಬರತೊಡಗಿದ ಮೇಲೆ ಇಂಥ ಗೋದಾಮುಗಳಿಗೆ ಕೆಲಸವಿಲ್ಲದಾಯಿತು. ಆ ಜಾಗದಲ್ಲಿ ಕಚೇರಿಗಳ ಗೋಪುರವೊಂದನ್ನು ಎಬ್ಬಿಸುವ ಯೋಜನೆ ಓಡಾಡುತ್ತಿದ್ದಾಗ, 2001ರಲ್ಲಿ ಅಲೆಕ್ಸಾಂಡರ್ ಗೆರಾರ್ಡ್ ಮತ್ತು ಯಾನಾ ಮಾರ್ಕೊ ದಂಪತಿ ಬೇರೆಯದೇ ಪ್ರಸ್ತಾಪ ತಂದರು. ಗೋದಾಮು ಇದ್ದ ಹಾಗೇ ಇರಲಿ, ಅದರ ತಲೆಯ ಮೇಲೆ ಸಂಗೀತ ಸಭಾಂಗಣ ಕಟ್ಟೋಣ ಎಂದರು. ನಕ್ಷೆ ಬರೆದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹರ್ಟ್ಸೋಗ್ ಮತ್ತು ಡಿ ಮ್ಯೂರೋನ್. ಲಂಡನ್ನಿನ ಹಳೆಯ ವಿದ್ಯುತ್ ಸ್ಥಾವರವನ್ನು ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಗಿ ಬದಲಿಸಿದವರೂ ಇವರೇ. 2003ರಲ್ಲಿ ಅವರ ರೇಖಾಚಿತ್ರ ಹೊರಬಿದ್ದಾಗ ಊರಿಗೆ ಊರೇ ಮರುಳಾಯಿತು. ಇಟ್ಟಿಗೆಯ ಬುಡದ ಮೇಲೆ ಗಾಜಿನ ಮೈ, ನೆತ್ತಿಯಲ್ಲಿ ಏಳುಬೀಳುವ ಅಲೆಯಂಥ ಛಾವಣಿ.

ಈ ಸಂಗೀತದ ಮನೆಯ ಹೆಸರು ಎಲ್ಬ್‌ಫಿಲ್‌ಹಾರ್ಮನಿ. ಇಂದು ಆ ಹೆಸರೆಂದರೆ ಜಗತ್ತು ಗುರುತಿಸುವುದು ಈ ಹೊರಮೈಯನ್ನೇ. ಎತ್ತರ 110 ಮೀಟರ್, ಸುಮಾರು 1,100 ಗಾಜಿನ ಫಲಕಗಳು, ಅವುಗಳಲ್ಲಿ ಎಷ್ಟೋ ಕಾಯಿಸಿ ಬಾಗಿಸಿದಂಥವು. ಫೋಟೊ ಚೆನ್ನಾಗಿ ಬರುತ್ತದೆ, ಅನುಮಾನವಿಲ್ಲ. ಆದರೆ ಈ ಕಟ್ಟಡದ ನಿಜವಾದ ಜಾಣತನ ಫೋಟೊದಲ್ಲಿ ಕಾಣದ ಜಾಗಗಳಲ್ಲಿದೆ. ಗೋಡೆಯ ಚರ್ಮದಲ್ಲಿ, ನೆಲದ ಕೆಳಗೆ, ಆಸನಗಳನ್ನು ಜೋಡಿಸಿದ ರೀತಿಯಲ್ಲಿ. ಅದರ ದೌರ್ಬಲ್ಯವೂ ಅಲ್ಲೇ ಇದೆ.

ಮೊದಲಿಗೆ ಒಂದು ಮಾತು. ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ಕಛೇರಿಯಲ್ಲಿ ಮೈಕ್ ಇರುವುದಿಲ್ಲ. ನೂರು ಮಂದಿ ಒಟ್ಟಾಗಿ ನುಡಿಸುವಾಗ ಇದೇನು ದೊಡ್ಡ ಮಾತು ಅನ್ನಿಸಬಹುದು. ಆದರೆ ಆ ನೂರರಲ್ಲಿ ಒಬ್ಬಳೇ ಕೊಳಲಿನವಳು ಮಂದ್ರದಲ್ಲಿ ಉಸಿರಿನಷ್ಟೇ ಸಣ್ಣದಾಗಿ ನುಡಿಸುವ ಗಳಿಗೆಯೂ ಇರುತ್ತದೆ. ಅದೂ ಕಡೆಯ ಸಾಲಿಗೆ ಮುಟ್ಟಬೇಕು. ಧ್ವನಿ ಹೆಚ್ಚಿಸುವ ಯಂತ್ರವಿಲ್ಲದೆ ಅದನ್ನು ಮುಟ್ಟಿಸುವ ಹೊಣೆ ಗೋಡೆ, ಛಾವಣಿ, ನೆಲದ್ದು. ಹಾಗಾಗಿ ಅಲ್ಲಿ ಸಭಾಂಗಣ ಕಟ್ಟುವುದೆಂದರೆ ದೊಡ್ಡದೊಂದು ವಾದ್ಯ ಮಾಡಿದ ಹಾಗೇ.

ಈ ವಾದ್ಯದ ಲೆಕ್ಕವನ್ನು ಮೊದಲು ಹಿಡಿದವರು ಅಮೆರಿಕದ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮೇಷ್ಟ್ರು ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದದ ಗುಂಗು ಆರುವ ಮೊದಲೇ ಮುಂದಿನ ನಾಲ್ಕಾರು ಪದಗಳು ಅದರ ಮೇಲೆ ಬೀಳುತ್ತಿದ್ದವು. ಸರಿಪಡಿಸುವ ಕೆಲಸ ಇಪ್ಪತ್ತೇಳರ ಹರೆಯದ ಈ ಭೌತಶಾಸ್ತ್ರದ ಅಧ್ಯಾಪಕರಿಗೆ ಬಂತು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಹಾಸುತ್ತ, ಆರ್ಗನ್ ವಾದ್ಯದ ಕೊಳವೆ ಊದಿ ನಿಲ್ಲಿಸಿ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕೆಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ಸ್ವಸ್ಥಾನಕ್ಕೆ. ಕಡೆಗೆ ಹೊರಟ ಸೂತ್ರ ಬಹಳ ಸರಳ. ಕೋಣೆಯ ಗಾತ್ರ ಹೆಚ್ಚಿದಷ್ಟೂ ಗುಂಗು ಹೆಚ್ಚು, ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಗುಂಗು ಕಡಿಮೆ. ಗೃಹಪ್ರವೇಶಕ್ಕೆ ಮುಂಚೆ ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಮೊಳಗುತ್ತದೆ, ಹಾಸಿಗೆ ಬಟ್ಟೆ ಸಾಮಾನು ತುಂಬಿದ ಮೇಲೆ ಆ ಮೊಳಗು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಸಬೀನ್ ಅದನ್ನೇ ಅಂಕಿಗಿಳಿಸಿದರು.

ಈ ಗುಂಗಿಗೆ ಪಠ್ಯಪುಸ್ತಕದ ಹೆಸರು ಅನುರಣನ. ಮಾತಿಗೆ ಅದು ಒಂದು ಸೆಕೆಂಡಿನ ಆಸುಪಾಸು ಸಾಕು. ದೊಡ್ಡ ವಾದ್ಯವೃಂದಕ್ಕೆ ಎರಡು ಸೆಕೆಂಡು ಬೇಕು, ಇಲ್ಲವಾದರೆ ಪಿಟೀಲುಗಳು ಒಣಕಲಾಗಿ ಕೇಳುತ್ತವೆ. ಸಬೀನ್ ಲೆಕ್ಕ ಹಾಕಿ ಕೊಟ್ಟ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ವಿಜ್ಞಾನದ ಲೆಕ್ಕ ಮೊದಲು, ಕಟ್ಟಡ ಆಮೇಲೆ ಎಂಬ ಕ್ರಮದಲ್ಲಿ ಹುಟ್ಟಿದ ಮೊದಲ ಸಂಗೀತ ಸಭಾಂಗಣ ಅದು. ಇಂದಿಗೂ ಜಗತ್ತಿನ ಅತ್ಯುತ್ತಮ ಸಭಾಂಗಣಗಳ ಯಾವ ಪಟ್ಟಿಯಿಂದಲೂ ಅದನ್ನು ಬಿಡುವವರಿಲ್ಲ.

ಬಾಸ್ಟನ್ನಿನದು ಉದ್ದನೆಯ ಆಯತಾಕಾರ. ವಿಯೆನ್ನಾದಲ್ಲಿ 1870ರಲ್ಲಿ ತೆರೆದ ಮ್ಯೂಸಿಕ್‌ಫೆರಾಯ್ನ್ ಕೂಡ ಹಾಗೇ. ಅದರ ಅಗಲ ಬರೀ 19 ಮೀಟರ್. ಈ ಬಗೆಗೆ ಕಸುಬಿನವರು ಷೂ ಡಬ್ಬಿ ಎನ್ನುತ್ತಾರೆ. ಒಂದು ತುದಿಯಲ್ಲಿ ವೇದಿಕೆ, ಉಳಿದುದೆಲ್ಲ ಜನ. ಇಂಥ ಡಬ್ಬಿ ಏಕೆ ಅಷ್ಟು ಚೆನ್ನಾಗಿ ನುಡಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1960ರ ದಶಕದಲ್ಲಿ, ನ್ಯೂಜಿಲೆಂಡಿನ ಧ್ವನಿತಜ್ಞ ಹೆರಾಲ್ಡ್ ಮಾರ್ಷಲ್ ಅವರ ಆಲೋಚನೆಯಿಂದ. ಕೇಳುಗನಿಗೆ ವೇದಿಕೆಯಿಂದ ನೇರ ಬರುವ ಸದ್ದಿನ ಬೆನ್ನಿಗೇ, ಸೆಕೆಂಡಿನ ಹನ್ನೆರಡನೇ ಒಂದು ಭಾಗದೊಳಗೆ, ಪಕ್ಕದ ಗೋಡೆಗಳಿಗೆ ತಾಗಿದ ಸದ್ದೂ ಬಂದು ಸೇರಿಕೊಳ್ಳಬೇಕು. ಅಷ್ಟು ಬೇಗ ಬಂದರೆ ಕಿವಿ ಅದನ್ನು ಪ್ರತಿಧ್ವನಿ ಎಂದು ಬೇರ್ಪಡಿಸುವುದಿಲ್ಲ, ಮೂಲದ ನಾದಕ್ಕೇ ತೂಕ ಕೂಡುತ್ತದೆ. ನಮ್ಮ ಕಿವಿಗಳು ತಲೆಯ ಎರಡು ಪಕ್ಕದಲ್ಲಿವೆ. ಆದ್ದರಿಂದ ಪಕ್ಕದಿಂದ ಬಂದ ಸದ್ದು ಎರಡು ಕಿವಿಗೂ ಕೊಂಚ ಬೇರೆ ಬೇರೆಯಾಗಿ ಮುಟ್ಟಿ, ನಾದದ ನಡುವೆ ನಿಂತ ಅನುಭವ ಕೊಡುತ್ತದೆ. ಗೋಡೆಗಳು ಹತ್ತಿರವಿದ್ದರೆ ಇದು ತಾನಾಗಿ ಒದಗುತ್ತದೆ. ಹಳೆಯ ಮೇಸ್ತ್ರಿಗಳಿಗೆ ಈ ಸಿದ್ಧಾಂತ ಗೊತ್ತಿರಲಿಲ್ಲ. ಅಷ್ಟಗಲಕ್ಕಿಂತ ಹೆಚ್ಚಿನ ಛಾವಣಿ ಹೊದಿಸುವುದು ಅವರಿಗೆ ಕಷ್ಟವಿತ್ತು, ಆ ಕಷ್ಟವೇ ಸಂಗೀತಕ್ಕೆ ವರವಾಯಿತು.

ಡಬ್ಬಿಯನ್ನು ಒಡೆದವರು ಜರ್ಮನ್ ವಾಸ್ತುಶಿಲ್ಪಿ ಹಾನ್ಸ್ ಶರೂನ್. ದಾರಿಯಲ್ಲೋ ಮೈದಾನದಲ್ಲೋ ಯಾರಾದರೂ ನುಡಿಸತೊಡಗಿದರೆ ಜನ ಸುತ್ತಲೂ ವೃತ್ತವಾಗಿ ನಿಲ್ಲುತ್ತಾರೆ, ಸಭಾಂಗಣದಲ್ಲಿ ಮಾತ್ರ ಏಕೆ ಸಾಲಾಗಿ ಕೂರಬೇಕು ಎಂಬುದು ಅವರ ಪ್ರಶ್ನೆ. ಬರ್ಲಿನ್ ಫಿಲ್‌ಹಾರ್ಮನಿಗಾಗಿ 1956ರ ಸ್ಪರ್ಧೆಯಲ್ಲಿ ಗೆದ್ದ ಅವರ ನಕ್ಷೆಯಲ್ಲಿ ವೇದಿಕೆ ಮಧ್ಯಕ್ಕೆ ಬಂದಿತ್ತು. ಸುತ್ತಲೂ ಗುಡ್ಡದ ಇಳಿಜಾರಿನ ದ್ರಾಕ್ಷಿತೋಟದಂತೆ ಬೇರೆ ಬೇರೆ ಎತ್ತರದ ಅಟ್ಟಣೆಗಳಲ್ಲಿ ಜನ. ಧ್ವನಿತಜ್ಞ ಲೋಥಾರ್ ಕ್ರೆಮರ್ ಮೊದಲು ಇದನ್ನು ಒಪ್ಪಲಿಲ್ಲ. ಒಪ್ಪಿದ ಮೇಲೆ ಒಂದು ಉಪಾಯ ಕಂಡಿತು. ಪ್ರತಿ ಅಟ್ಟಣೆಯ ಮುಂಭಾಗದಲ್ಲಿ ಮೋಟು ಗೋಡೆ ಇರುತ್ತದಲ್ಲ, ಡಬ್ಬಿಯ ಪಕ್ಕದ ಗೋಡೆ ಮಾಡುತ್ತಿದ್ದ ಕೆಲಸವನ್ನು ಈ ಮೋಟು ಗೋಡೆಗಳಿಗೆ ಒಪ್ಪಿಸಿದರು. ಎದ್ದುಹೋದ ಎರಡು ದೊಡ್ಡ ಗೋಡೆಗಳ ಬದಲು ಹತ್ತಾರು ಸಣ್ಣ ಗೋಡೆಗಳು. ಕಾಮಗಾರಿ ನಡೆಯುತ್ತಿದ್ದಾಗಲೇ, 1961ರಲ್ಲಿ, ಕೂಗಳತೆಯ ದೂರದಲ್ಲಿ ಬರ್ಲಿನ್ ಗೋಡೆ ಎದ್ದಿತು. ಸಭಾಂಗಣ 1963ರ ಅಕ್ಟೋಬರ್ 15ರಂದು ಬಾಗಿಲು ತೆರೆಯಿತು. ಬಾಸ್ಟನ್ನಿನದೂ ಅದೇ ತಾರೀಖು, ಬರೀ ಕಾಕತಾಳೀಯ. ಹರ್ಬರ್ಟ್ ಫಾನ್ ಕರಾಯನ್ ಅಲ್ಲಿನ ವಾದ್ಯವೃಂದವನ್ನು ನಡೆಸುತ್ತಿದ್ದ ಕಾಲ, ಬರ್ಲಿನ್ ಜನ ಡೇರೆಯಂಥ ಆ ಕಟ್ಟಡಕ್ಕೆ ‘ಕರಾಯನ್ ಸರ್ಕಸ್’ ಎಂಬರ್ಥದ ಅಡ್ಡಹೆಸರಿಟ್ಟು ನಕ್ಕರು. ಟೋಕಿಯೊದ ಸಂಟೋರಿ ಹಾಲ್ (1986), ಲಾಸ್ ಏಂಜಲೀಸಿನ ವಾಲ್ಟ್ ಡಿಸ್ನಿ ಹಾಲ್ (2003), ಪ್ಯಾರಿಸ್ಸಿನ ಫಿಲ್‌ಹಾರ್ಮನಿ (2015) ಎಲ್ಲವೂ ಆ ಸರ್ಕಸ್ಸಿನ ಮಕ್ಕಳು, ಮರಿಮಕ್ಕಳು.

ಹ್ಯಾಂಬರ್ಗಿನದೂ ಅದೇ ಕುಲ. ಮುಖ್ಯ ಸಭಾಂಗಣದಲ್ಲಿ 2,100 ಆಸನಗಳಿವೆ, ಯಾವ ಕೇಳುಗನೂ ವಾದ್ಯವೃಂದವನ್ನು ನಡೆಸುವ ಕಂಡಕ್ಟರಿನಿಂದ 30 ಮೀಟರಿಗಿಂತ ದೂರವಿಲ್ಲ. ಎರಡು ಸಾವಿರ ಜನರನ್ನು ಅಷ್ಟು ಹತ್ತಿರ ಕೂರಿಸಬೇಕಾದರೆ ಮೇಲಕ್ಕೆ ಬೆಳೆಯದೆ ಗತಿಯಿಲ್ಲ. ಗೋದಾಮಿನ ಜಾಗ ಮೊದಲೇ ಇಕ್ಕಟ್ಟು. ಹಾಗಾಗಿ ಅಟ್ಟಣೆಗಳು ಕಡಿದಾಗಿ, ಒಂದರ ಮೇಲೊಂದು ಏರುತ್ತ ಹೋಗಿವೆ.

ಧ್ವನಿಯ ಹೊಣೆ ಜಪಾನಿನ ಯಾಸುಹಿಸಾ ಟೊಯೊಟಾ ಅವರದು. ಸಂಟೋರಿ ಮತ್ತು ಡಿಸ್ನಿ ಸಭಾಂಗಣಗಳ ಕೆಲಸ ಅವರ ಬೆನ್ನಿಗಿತ್ತು. ಅವರ ತಂಡ ಒಳಾಂಗಣದ ಹತ್ತನೇ ಒಂದರಷ್ಟು ಅಳತೆಯ ಮಾದರಿ ಕಟ್ಟಿತು. ಅಳತೆ ಹತ್ತು ಪಟ್ಟು ಕುಗ್ಗಿದಾಗ ಸದ್ದಿನ ಅಲೆಯೂ ಹತ್ತು ಪಟ್ಟು ಕುಗ್ಗಬೇಕು. ಎಂದರೆ ಕಂಪನದ ವೇಗ ಹತ್ತು ಪಟ್ಟು ಹೆಚ್ಚಬೇಕು. ಹಾಗಾಗಿ ಇಂಥ ಮಾದರಿಯೊಳಗೆ ಹಾಯಿಸುವ ಸದ್ದಿನಲ್ಲಿ ಹೆಚ್ಚಿನ ಪಾಲು ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ, ಸಣ್ಣ ಮೈಕುಗಳು ಕೇಳಿಸಿಕೊಂಡು ವರದಿ ಕೊಡುತ್ತವೆ. ಯಾವ ಮೂಲೆಯಿಂದ ಪ್ರತಿಧ್ವನಿ ತಡವಾಗಿ ಮರಳುತ್ತಿದೆ, ಯಾವ ಸಾಲಿಗೆ ಸದ್ದು ಮುಟ್ಟುತ್ತಿಲ್ಲ ಎಂಬುದು ಕಾಂಕ್ರೀಟು ಸುರಿಯುವ ಮೊದಲೇ ತಿಳಿಯುತ್ತದೆ.

ಈಗ ಗೋಡೆಗೆ ಬರೋಣ. ಬಣ್ಣ ಬಿಳಿ. ಮೈತುಂಬ ಚಿಪ್ಪಿನ ಹಾಗೆ ಕೊರೆದ ಗುಳಿಗಳು. ಜಿಪ್ಸಮ್ಮಿಗೆ ಕಾಗದದ ನಾರು ಬೆರೆಸಿ ಮಾಡಿದ ಸುಮಾರು 10,000 ಫಲಕಗಳು ಇಲ್ಲಿವೆ, ಒಂದರಂತೆ ಇನ್ನೊಂದಿಲ್ಲ. ಎಲ್ಲದರ ಮೇಲಿನ ಗುಳಿಗಳನ್ನೂ ಕೂಡಿದರೆ ಸುಮಾರು ಹತ್ತು ಲಕ್ಷ. ಯಾವ ಗುಳಿ ಎಷ್ಟು ಅಗಲ, ಎಷ್ಟು ಆಳ ಎಂದು ಕಂಪ್ಯೂಟರ್ ಲೆಕ್ಕ ಹಾಕಿತು, ಯಂತ್ರಗಳು ಕೊರೆದವು. ನುಣುಪಾದ ಗೋಡೆ ಸದ್ದನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಎಸೆಯುತ್ತದೆ, ಕೇಳುವವರಿಗೆ ಅದು ಗಾಜು ಗೀರಿದಂತೆ ಚುಚ್ಚುತ್ತದೆ. ಗುಳಿಬಿದ್ದ ಗೋಡೆ ಅದನ್ನು ಚೆದುರಿಸಿ ಎಲ್ಲ ಕಡೆಗೂ ಹಂಚುತ್ತದೆ. ವಿಯೆನ್ನಾದ ಹಳೆಯ ಸಭಾಂಗಣದಲ್ಲಿ ಚಿನ್ನದ ಲೇಪದ ಪ್ರತಿಮೆಗಳು, ಕಂಬಗಳು, ಕೆತ್ತನೆಗಳು ಮಾಡುತ್ತಿದ್ದ ಕೆಲಸವೇ ಇದು. ಇಪ್ಪತ್ತನೆಯ ಶತಮಾನದ ಆಧುನಿಕರು ಅಲಂಕಾರವೆಲ್ಲ ದಂಡವೆಂದು ಗೋಡೆಗಳನ್ನು ಬೋಳಿಸಿದರು. ಬೋಳಿಸಿದ ಎಷ್ಟೋ ಸಭಾಂಗಣಗಳು ಕೆಟ್ಟದಾಗಿ ನುಡಿದವು. ಹ್ಯಾಂಬರ್ಗಿನಲ್ಲಿ ಅಲಂಕಾರ ಹಿಂದಿರುಗಿದೆ, ಈ ಸಲ ಗಣಿತದ ವೇಷದಲ್ಲಿ. ಫಲಕಗಳು ದಪ್ಪ, ಭಾರ. ತೆಳು ಹಲಗೆಯಾದರೆ ಡಬಲ್ ಬಾಸ್‌ನಂಥ ವಾದ್ಯಗಳ ತಗ್ಗು ಸ್ವರಗಳಿಗೆ ತಾನೂ ಅದುರಿ ಅವುಗಳ ಶಕ್ತಿಯನ್ನು ನುಂಗಿಬಿಡುತ್ತದೆ. ಛಾವಣಿಯ ನಡುವಿನಿಂದ ದೊಡ್ಡದೊಂದು ಕೊಡೆ ಇಳಿಬಿದ್ದಿದೆ. ಅದು ವೇದಿಕೆಯ ಸದ್ದನ್ನು ಕೇಳುಗರಿಗೂ ವಾದಕರಿಗೂ ಮರಳಿಸುತ್ತದೆ. ಒಬ್ಬರಿಗೊಬ್ಬರು ಕೇಳಿಸದಿದ್ದರೆ ವಾದಕರು ಸೇರಿ ನುಡಿಸುವುದಾದರೂ ಹೇಗೆ? ಕ್ಲಾಯ್ಸ್ ಸಂಸ್ಥೆ ಮಾಡಿದ ಆರ್ಗನ್ನಿನಲ್ಲಿ 4,765 ಕೊಳವೆಗಳಿವೆ, ಅವುಗಳಲ್ಲಿ ಕೆಲವು ಆಸನಗಳ ಪಕ್ಕದಲ್ಲೇ ನಿಂತಿವೆ. ಮುಟ್ಟಿ ನೋಡಲು ಯಾರ ಅಡ್ಡಿಯೂ ಇಲ್ಲ.

ಸಂಗೀತ ಚೆನ್ನಾಗಿ ಕೇಳಬೇಕಾದರೆ ಮೊದಲು ಮೌನ ಬೇಕು. ಬಂದರಿನಲ್ಲಿ ಹಡಗುಗಳು ಸೈರನ್ ಊದುತ್ತವೆ. ಕಟ್ಟಡದೊಳಗೇ 244 ಕೊಠಡಿಗಳ ಹೋಟೆಲ್ ಇದೆ, ವಾಸದ ಮನೆಗಳಿವೆ, ಕೆಳಗೆ ಗೋದಾಮಿನೊಳಗೆ ಕಾರುಗಳ ನಿಲ್ದಾಣವಿದೆ. ಯಾರೋ ಬಾಗಿಲು ಜೋರಾಗಿ ಹಾಕಿದರೂ ಆ ಅದುರು ಕಾಂಕ್ರೀಟಿನ ಮೂಲಕ ಹರಿದು ಬರುತ್ತದೆ. ಅದಕ್ಕಾಗಿ ಮುಖ್ಯ ಸಭಾಂಗಣವನ್ನು ಉಳಿದ ಕಟ್ಟಡಕ್ಕೆ ಬಿಗಿಯಾಗಿ ಬೆಸೆದೇ ಇಲ್ಲ. ಚಿಪ್ಪಿನೊಳಗೆ ಚಿಪ್ಪು. 12,500 ಟನ್ ತೂಕದ ಒಳಚಿಪ್ಪು 362 ಸ್ಪ್ರಿಂಗ್ ಕಟ್ಟುಗಳ ಮೇಲೆ ಕೂತಿದೆ. ಹೊರಗಿನ ಅದುರು ಸ್ಪ್ರಿಂಗಿನವರೆಗೆ ಬಂದು ಅಲ್ಲೇ ಸಾಯುತ್ತದೆ. ಇಡೀ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುವುದು ಯಾರ ಕಣ್ಣಿಗೂ ಬೀಳದ ಈ ಸ್ಪ್ರಿಂಗುಗಳೇ. ಈ ಭಾರವನ್ನೆಲ್ಲ ಹೊರಲು ಗೋದಾಮಿನ ಹಳೆಯ 1,111 ಆಧಾರಗಂಬಗಳು ಸಾಲದೆ, ನೆಲದೊಳಕ್ಕೆ ಇನ್ನೂ 650 ಕಂಬಗಳನ್ನು ಇಳಿಸಿದರು. ಕಡೆಗೆ ಗೋದಾಮಿನಲ್ಲಿ ಉಳಿದದ್ದು ಹೊರಗೋಡೆ ಮಾತ್ರ, ಒಳಗನ್ನೆಲ್ಲ ತೆಗೆದು ಹೊಸದಾಗಿ ಕಟ್ಟಬೇಕಾಯಿತು.

ದುಡ್ಡಿನ ಕಥೆ ಅಷ್ಟು ಇಂಪಾಗಿಲ್ಲ. ಆರಂಭದಲ್ಲಿ ಹ್ಯಾಂಬರ್ಗ್ ನಗರದ ಪಾಲು 7.7 ಕೋಟಿ ಯೂರೊ, ಕಟ್ಟಡ 2010ಕ್ಕೆ ಸಿದ್ಧ ಎಂದಿದ್ದರು. 2007ರಲ್ಲಿ ಅಡಿಗಲ್ಲು ಬಿತ್ತು. ನಕ್ಷೆಗಳು ಪೂರ್ತಿಯಾಗುವ ಮುಂಚೆಯೇ ಗುತ್ತಿಗೆಗೆ ಸಹಿ ಬಿದ್ದಿತ್ತು. ಆಮೇಲೆ ಪ್ರತಿಯೊಂದು ಬದಲಾವಣೆಗೂ ಹೊಸ ಬಿಲ್ಲು, ಹೊಸ ಜಗಳ. ಛಾವಣಿಯ ಸುರಕ್ಷತೆಯ ವಿವಾದದಿಂದ 2011ರ ನವೆಂಬರಿನಲ್ಲಿ ಕೆಲಸವೇ ನಿಂತಿತು. ಪತ್ರಿಕೆಗಳು ಬೈದವು, ಶಾಸನಸಭೆಯ ತನಿಖಾ ಸಮಿತಿ ಕೂತಿತು. 2013ರಲ್ಲಿ ಹೊಸ ಒಪ್ಪಂದವಾದ ಮೇಲೆ ಕೆಲಸ ಹಳಿಗೆ ಬಂತು. 2017ರ ಜನವರಿ 11ರಂದು ಉದ್ಘಾಟನೆಯಾದಾಗ ಒಟ್ಟು ವೆಚ್ಚ 86.6 ಕೋಟಿ ಯೂರೊ, ಅದರಲ್ಲಿ ನಾಗರಿಕರ ತೆರಿಗೆಯ ಪಾಲೇ 78.9 ಕೋಟಿ. ಹೇಳಿದ್ದರ ಹತ್ತು ಪಟ್ಟು. ನಮ್ಮೂರಿನ ಮೇಲ್ಸೇತುವೆಗಳ ಗತಿ ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಜರ್ಮನ್ನರಿಗೆ ಮಾತ್ರ ಬಹಳ ಅವಮಾನವಾಯಿತು. ಬಾಗಿಲು ತೆರೆದ ಮೇಲೆ ಆ ಸಿಟ್ಟು ಕರಗಿದ ವೇಗ ನೋಡುವಂಥದ್ದು. ಟಿಕೆಟ್ಟಿಗೆ ನೂಕುನುಗ್ಗಲು, ಊರವರ ಬಾಯಲ್ಲಿ ‘ಎಲ್ಫಿ’ ಎಂಬ ಮುದ್ದು ಹೆಸರು. ಗೋದಾಮಿನ ನೆತ್ತಿಯಲ್ಲಿ, 37 ಮೀಟರ್ ಎತ್ತರದಲ್ಲಿ, ಗಾಜಿನ ಭಾಗ ಶುರುವಾಗುವಲ್ಲಿ ಪ್ಲಾಜಾ ಎಂಬ ಬಯಲು ಅಂಗಳವಿದೆ. 82 ಮೀಟರ್ ಉದ್ದದ ಬಾಗಿದ ಎಸ್ಕಲೇಟರ್ ಏರಿ ಅಲ್ಲಿಗೆ ಹೋಗಿ ಬಂದರನ್ನು ನೋಡಲು ಕಛೇರಿಯ ಟಿಕೆಟ್ ಬೇಕಿಲ್ಲ. ತೆರಿಗೆ ಕೊಟ್ಟವರಿಗೆ ಇಷ್ಟಾದರೂ ಸಲ್ಲಬೇಕಾದದ್ದೇ.

ಇಷ್ಟೆಲ್ಲ ಆದ ಮೇಲೂ 2019ರ ಜನವರಿಯಲ್ಲಿ ಒಂದು ರಾತ್ರಿ ಎಡವಟ್ಟಾಯಿತು. ಹೆಸರಾಂತ ತಾರಸ್ಥಾಯಿ ಗಾಯಕ ಯೋನಾಸ್ ಕೌಫ್‌ಮನ್ ಅಲ್ಲಿ ಮಾಲರ್ ರಚಿಸಿದ ಕೃತಿಯೊಂದನ್ನು ಹಾಡುತ್ತಿದ್ದರು. ವೇದಿಕೆಯ ಹಿಂಭಾಗದಲ್ಲಿ ಕೂತವರಿಗೆ ಹಾಡು ಕೇಳಲಿಲ್ಲ. ಕೆಲವರು ಕೂಗಿ ಹೇಳಿದರು, ಕೆಲವರು ಎದ್ದು ಬೇರೆ ಕಡೆ ಜಾಗ ಹುಡುಕಿದರು. ಗಾಯಕರೂ ಆಮೇಲೆ ಸಭಾಂಗಣದ ಧ್ವನಿವ್ಯವಸ್ಥೆಯ ಬಗ್ಗೆ ಬೇಸರ ತೋಡಿಕೊಂಡರು.

ತಪ್ಪು ಯಾರದು? ಮನುಷ್ಯನ ದನಿಗೆ ಮುಖವಿದೆ. ತಗ್ಗು ಸ್ವರಗಳು ಸುತ್ತಲೂ ಹಬ್ಬುತ್ತವೆ, ನಿಜ. ಆದರೆ ಮಾತಿಗೆ ಆಕಾರ ಕೊಡುವ ಸ, ತ, ಚ, ಷಗಳ ಚೂಪು ಸದ್ದುಗಳು ಬಾಯಿ ಯಾವ ಕಡೆಗಿದೆಯೋ ಆ ಕಡೆಗೇ ಹೋಗುತ್ತವೆ. ಬೆನ್ನ ಹಿಂದೆ ಕೂತವರಿಗೆ ಸಾಹಿತ್ಯವೆಲ್ಲ ಕಲಸಿಹೋಗುತ್ತದೆ. ಹಾರ್ನ್ ಎಂಬ ಹಿತ್ತಾಳೆಯ ವಾದ್ಯದ ಕಥೆ ಇದಕ್ಕೆ ತದ್ವಿರುದ್ಧ, ಅದರ ಬಾಯಿ ತಿರುಗಿರುವುದೇ ಹಿಂದಕ್ಕೆ. ಹಿಂದೆ ಕೂತವರಿಗೆ ಅದು ಜೋರು, ನಗಾರಿಯೂ ಜೋರು, ಗಾಯಕ ಮಾತ್ರ ಇಲ್ಲ. ನೂರು ವಾದ್ಯಗಳಿಗೆ ಬರೆದ ಸಿಂಫನಿಗೆ ಸುತ್ತಲೂ ಕೂರುವುದು ಚಂದ. ಒಂದು ಕಂಠಕ್ಕೆ ಎದುರಿಗೇ ಕೂರಬೇಕು. ಶರೂನ್ ನೆಚ್ಚಿದ ವೃತ್ತ ಎಲ್ಲ ಸಂಗೀತಕ್ಕೂ ಒಗ್ಗುವಂಥದ್ದಲ್ಲ. ಯಾವ ಆಕಾರವೂ ಹಾಗೆ ಒಗ್ಗುವುದಿಲ್ಲ. ಹ್ಯಾಂಬರ್ಗಿನಲ್ಲಿ 1908ರ ಲೈಸ್‌ಹಾಲೆ ಎಂಬ ಹಳೆಯ ಸಭಾಂಗಣ ಇನ್ನೂ ನಡೆಯುತ್ತಿದೆ, ಎಲ್ಫಿಯೊಳಗೇ ಓಕ್ ಮರದ ಗೋಡೆಗಳ, 550 ಆಸನಗಳ ಸಣ್ಣ ಸಭಾಂಗಣವೊಂದಿದೆ. ಹಾಡಿಗೆ, ಸಣ್ಣ ಮೇಳಕ್ಕೆ ಅವೇ ಮೇಲು. ಎಲ್ಫಿಯ ದೊಡ್ಡ ಸಭಾಂಗಣದ ಬಗ್ಗೆ ವಿಮರ್ಶಕರಲ್ಲೂ ಒಮ್ಮತವಿಲ್ಲ. ಅತಿ ಸ್ಪಷ್ಟ, ಬೆಚ್ಚಗಿನ ಭಾವ ಕಡಿಮೆ ಎನ್ನುವವರಿದ್ದಾರೆ. ಸ್ಪಷ್ಟತೆಗೆ ತೆರುವ ಬೆಲೆಯೆಂದರೆ ಪಕ್ಕದವರ ಕೆಮ್ಮೂ ಅಷ್ಟೇ ಸ್ಪಷ್ಟ.

ಧ್ವನಿತಜ್ಞರ ಸಲಹೆಯನ್ನು ಬದಿಗಿಟ್ಟವರ ಪಾಡು ಇನ್ನೂ ಕಷ್ಟ. 1962ರಲ್ಲಿ ನ್ಯೂಯಾರ್ಕಿನ ಫಿಲ್‌ಹಾರ್ಮನಿಕ್ ಹಾಲ್ ತೆರೆಯಿತು. ಧ್ವನಿತಜ್ಞ ಲಿಯೊ ಬೆರಾನೆಕ್ ಜಗತ್ತಿನ ಐವತ್ತಕ್ಕೂ ಹೆಚ್ಚು ಸಭಾಂಗಣಗಳನ್ನು ಅಭ್ಯಾಸ ಮಾಡಿ ಸಲಹೆ ಕೊಟ್ಟಿದ್ದರು. ಆಸನ ಹೆಚ್ಚಿಸಿ ಎಂಬ ಒತ್ತಡ ಬಂದಾಗ ನಕ್ಷೆಯ ಆಕಾರವೇ ಬದಲಾಯಿತು. ಫಲ, ತಗ್ಗು ಸ್ವರಗಳು ಕೇಳದ ಸಭಾಂಗಣ. ತೇಪೆ ಹಾಕಿ ಹಾಕಿ ಸಾಕಾಗಿ 1976ರಲ್ಲಿ ಒಳಗನ್ನೆಲ್ಲ ಕಿತ್ತು ಮತ್ತೆ ಕಟ್ಟಿದರು. ಅದೂ ತೃಪ್ತಿ ಕೊಡದೆ 2022ರಲ್ಲಿ ಇನ್ನೊಮ್ಮೆ ಕಟ್ಟಿದರು. ಈ ಸಲ ಆಸನಗಳನ್ನು ಇಳಿಸಿ, ವೇದಿಕೆಯನ್ನು ಜನರ ನಡುವಿಗೆ ತಂದರು.

1976ರ ದುರಸ್ತಿಯ ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಭಾರತಕ್ಕೂ ಬಂದು ಕೆಲಸ ಮಾಡಿದರು. ಮುಂಬಯಿಯ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಕೇಂದ್ರದ ಆವರಣದ ಟಾಟಾ ಥಿಯೇಟರ್, ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಜತೆಗೂಡಿ ಅವರು ಮಾಡಿದ್ದು. ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳು ಮೈಕಿಲ್ಲದೆ ಕೇಳಬೇಕು ಎಂಬ ಉದ್ದೇಶದಿಂದಲೇ ಸಾವಿರ ಚಿಲ್ಲರೆ ಆಸನಗಳಿಗೆ ಅದನ್ನು ರೂಪಿಸಿದರು. ಅದು ತೆರೆದದ್ದು 1980ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನ ತೆರೆಯಿತು, ಇಡೀ ಕಟ್ಟಡವೇ ಪಿಟೀಲಿನ ಆಕಾರದ್ದು.

ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಏಳು ತಂತಿ ಹೂಡಿದ್ದು ಏಕೆಂದು ಸಂಗೀತಪ್ರಿಯರೆಲ್ಲ ಬಲ್ಲರು. ಮೈಕಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಯುರೋಪಿನವರು ವಾದ್ಯಕ್ಕೆ ತಕ್ಕ ಕೋಣೆ ಕಟ್ಟಿದರು, ನಮ್ಮವರು ಕೋಣೆಗೆ ತಕ್ಕಂತೆ ವಾದ್ಯ ತಿದ್ದಿಕೊಂಡರು. ಮೈಕ್ ಬಂದ ಮೇಲೆ ಎರಡರ ಗೊಡವೆಯೂ ಬೇಡವಾಯಿತು. ಮೈಕಿನ ಮೇಲೆ ನನಗೆ ಹಗೆಯಿಲ್ಲ. ಅದು ಬಂದದ್ದರಿಂದಲೇ ಗಾಯಕರು ಮೆಲುದನಿಯಲ್ಲಿ ಹಾಡುವ ಧೈರ್ಯ ಮಾಡಿದರು, ರಾಮನವಮಿಯ ಚಪ್ಪರದಲ್ಲಿ ಸಾವಿರಾರು ಜನ ಕೂತು ಕೇಳುವುದು ಸಾಧ್ಯವಾಯಿತು. ಆದರೆ ಇನ್ನೂರು ಜನರ ಕೋಣೆಯಲ್ಲೂ ತಂಬೂರಿಗೊಂದು, ಘಟಕ್ಕೊಂದು, ಖಂಜಿರಕ್ಕೊಂದು ಮೈಕ್ ನೆಟ್ಟು, ಮೃದಂಗದ ತೊಪ್ಪಿಯ ಸದ್ದು ಎದೆಗೆ ಗುದ್ದುವ ಹಾಗೆ ಏರಿಸುವುದು ಅಭ್ಯಾಸದ ಮಾತು, ಅಗತ್ಯದ್ದಲ್ಲ. ಮೈಕ್ ಇರುವ ಸಭಾಂಗಣಕ್ಕೆ ಗುಂಗು ಕಡಿಮೆ ಇರಬೇಕು, ಇಲ್ಲದಿದ್ದರೆ ಸ್ಪೀಕರಿನ ಸದ್ದು ಗೋಡೆಗೆ ಬಡಿದು ರಾಡಿಯಾಗುತ್ತದೆ. ಮೈಕಿಲ್ಲದ ಸಭಾಂಗಣಕ್ಕೆ ಅದೇ ಗುಂಗು ಬಂಡವಾಳ. ಎರಡಕ್ಕೂ ಒಂದೇ ಗೋಡೆ ಸಲ್ಲುವುದಿಲ್ಲ. ಯಾವುದು ಬೇಕೆಂದು ತಳಪಾಯಕ್ಕೆ ಮೊದಲೇ ತೀರ್ಮಾನವಾಗಬೇಕು.

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳು ಏಳುತ್ತಲೇ ಇವೆ. ನಾಟಕ, ಸಂಗೀತ, ಸನ್ಮಾನ ಸಮಾರಂಭ, ಶಾಲಾ ವಾರ್ಷಿಕೋತ್ಸವ ಎಲ್ಲಕ್ಕೂ ಅದೊಂದೇ ಸೂರು. ಅವನ್ನು ಕಟ್ಟಿಸುವವರಲ್ಲಿ ಒಂದು ವಿನಂತಿ: ಟೆಂಡರ್ ಕರೆಯುವುದಕ್ಕೂ ಮುಂಚೆ ಧ್ವನಿತಜ್ಞರೊಬ್ಬರನ್ನು ಕರೆಸಿ, ಅವರ ಲೆಕ್ಕ ಮುಗಿಯುವವರೆಗೆ ಆಸನಗಳ ಸಂಖ್ಯೆಯನ್ನು ಘೋಷಿಸಬೇಡಿ. ದೊಡ್ಡ ಮಂದಿರದ ಪಕ್ಕದಲ್ಲಿ, ಸಾಧ್ಯವಾದರೆ, ಮುನ್ನೂರು ಜನ ಹಿಡಿಸುವ ಇನ್ನೊಂದು ಕೋಣೆ ಕಟ್ಟಿಸಿ. ಅದಕ್ಕೆ ಗಾಜಿನ ಹೊರಮೈ ಬೇಡ, ಅಲೆಯಂಥ ಛಾವಣಿ ಬೇಡ. ದಪ್ಪ ಗೋಡೆ, ಸಾಕಷ್ಟು ಎತ್ತರ, ಸದ್ದು ಮಾಡದ ಫ್ಯಾನು, ಬಿಗಿಯಾಗಿ ಮುಚ್ಚುವ ಬಾಗಿಲು ಇದ್ದರೆ ಸಾಕು, ವೀಣೆಯನ್ನು ಮೈಕಿಲ್ಲದೆ ಕೇಳಬಹುದು.